ಫ್ಲೆಕ್ಸ್‌ಗೆ ಫೋಟೊ ಕೊಡುವ ಮುನ್ನ ನೋಡುವವರ ದೂರ ಅಳೆಯಿರಿ

ಊರಹಬ್ಬಕ್ಕೋ ಮದುವೆಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಬ್ಯಾನರ್ ಮಾಡಿಸಲು ಹೊರಟರೆ ಎರಡು ಮಾತು ಕಿವಿಗೆ ಬೀಳುತ್ತವೆ. 'ಫೋಟೊ 300 ಡಿಪಿಐ ಇರಬೇಕು', ಅಂದರೆ ಇಂಚಿಗೆ 300 ಚುಕ್ಕೆ ಇರಬೇಕು ಅನ್ನುವುದು ಒಂದು. 'ಈ ಫೋಟೊ ಒಡೆದುಹೋಗುತ್ತೆ, ಬೇರೆ ಕೊಡಿ' ಅನ್ನುವುದು ಇನ್ನೊಂದು. ಎರಡನೆಯದು ಎಷ್ಟೋ ಸಲ ನಿಜ. ಮೊದಲನೆಯದನ್ನು ದೊಡ್ಡ ಬ್ಯಾನರ್ ಮಟ್ಟಿಗೆ ಮರೆತುಬಿಡಿ. 300 ಅನ್ನುವುದು ಕೈಯಲ್ಲಿ ಹಿಡಿದು ಓದುವ ಲಗ್ನಪತ್ರಿಕೆಯ ಲೆಕ್ಕ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸನ್ನು ಅದೇ ಲೆಕ್ಕದಲ್ಲಿ ಮಾಡಿದರೆ ಚಿತ್ರ 72,000 × 36,000 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಫೈಲಿನಲ್ಲಿ ಒಂದು ಬದಿಗೆ 65,535 ಪಿಕ್ಸೆಲ್‌ಗಿಂತ ಜಾಸ್ತಿ ಹಿಡಿಸುವುದೇ ಇಲ್ಲ. ಪ್ರಿಂಟಿನ ನಾಲ್ಕು ಬಣ್ಣಕ್ಕೆ ಹಾಕಿ ನೋಡಿದರೆ ಕುಗ್ಗಿಸದ ಫೈಲ್ 10 ಜಿಬಿ ದಾಟುತ್ತದೆ. ಇಷ್ಟೆಲ್ಲ ಮಾಡಿದರೂ ರಸ್ತೆಯಾಚೆ ನಿಂತವರ ಕಣ್ಣಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ಎಷ್ಟಿರಬೇಕು? ಅದನ್ನು ಹೇಳುವುದು ಬ್ಯಾನರಿನ ಅಳತೆಯಲ್ಲ, ನೋಡುವವರು ನಿಲ್ಲುವ ದೂರ.

ಮೊದಲ ಕೆಲಸ, ಬ್ಯಾನರ್ ಕಟ್ಟುವ ಜಾಗಕ್ಕೆ ಹೋಗಿ ನಿಲ್ಲುವುದು. ಜನ ಅದನ್ನು ಎಷ್ಟು ಹತ್ತಿರದಿಂದ ನೋಡುತ್ತಾರೆ? ಸರಾಸರಿ ದೂರ ಬೇಡ, ತೀರಾ ಹತ್ತಿರ ಬರುವವರು ಎಲ್ಲಿ ನಿಲ್ಲುತ್ತಾರೆ ನೋಡಿ. ಸುಮ್ನೆ ಹೆಜ್ಜೆ ಹಾಕಿ ಅಳೆದರೂ ಸಾಕು. ಆಮೇಲೆ 300ನ್ನು ಆ ಅಡಿಗಳಿಂದ ಭಾಗಿಸಿ. ಒಂದು ಇಂಚಿನ ಉದ್ದಕ್ಕೆ ಕನಿಷ್ಠ ಎಷ್ಟು ಪಿಕ್ಸೆಲ್ ಬೇಕು ಅನ್ನುವುದು ಸಿಗುತ್ತದೆ. ಇದನ್ನೇ ಪಿಪಿಐ ಅನ್ನುತ್ತಾರೆ. 10 ಅಡಿಯಿಂದ ನೋಡಿದರೆ 30, 20 ಅಡಿಗೆ 15, 50 ಅಡಿಗೆ 6, 100 ಅಡಿ ದೂರದ ಹೆದ್ದಾರಿ ಹೋರ್ಡಿಂಗಿಗೆ ಬರೀ 3.

ಈ ಲೆಕ್ಕ ಬಂದಿದ್ದು ಕಣ್ಣಿನಿಂದಲೇ. ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಸಾಮಾನ್ಯ ದೃಷ್ಟಿ ಬೇರೆ ಬೇರೆ ಎಂದು ಗುರುತಿಸಲಾರದು. ಒಂದು ಅಡಿ ದೂರದಲ್ಲಿ ಅದು ಇಂಚಿಗೆ ಸುಮಾರು 286 ಚುಕ್ಕೆ ಆಗುತ್ತದೆ. ಬಾಯಿಲೆಕ್ಕಕ್ಕೆ 300 ಇಟ್ಟುಕೊಳ್ಳೋಣ. ದೂರ ಎರಡರಷ್ಟಾದರೆ ಅಗತ್ಯ ಅರ್ಧಕ್ಕೆ ಇಳಿಯುತ್ತದೆ.

ಬಂದ ಸಂಖ್ಯೆ ಕನಿಷ್ಠದ್ದು, ನೆನಪಿರಲಿ. ಫೋಟೊದಲ್ಲಿ ಸೀರೆಯ ಅಂಚು, ಒಡವೆ, ಕೂದಲು ಚೆನ್ನಾಗಿ ಕಾಣಬೇಕು ಅಂದರೆ ಎರಡರಷ್ಟು ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಹೋದರೆ ಫೈಲ್ ಭಾರವಾಗುತ್ತದೆ ಅಷ್ಟೇ.

ಈಗ ನಿಮ್ಮ ಕೈಯಲ್ಲಿರುವ ಫೋಟೊ ನೋಡೋಣ. ಮೊಬೈಲಿನಲ್ಲಿ ಫೋಟೊದ ವಿವರ ತೆರೆದರೆ ಅದರ ಪಿಕ್ಸೆಲ್ ಅಳತೆ ಕಾಣುತ್ತದೆ. 12 ಮೆಗಾಪಿಕ್ಸೆಲ್ ಕ್ಯಾಮೆರಾದ್ದಾದರೆ ಸಾಮಾನ್ಯವಾಗಿ 4032 × 3024. ಇದನ್ನು 20 ಅಡಿ, ಅಂದರೆ 240 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ಸುಮಾರು 17 ಪಿಕ್ಸೆಲ್ ಬರುತ್ತದೆ. 300ನ್ನು 17ರಿಂದ ಭಾಗಿಸಿ: 18 ಅಡಿ ಆಚೆಯಿಂದ ನೋಡುವವರಿಗೆ ಅದು ಸಾಕು. ಮಾಮೂಲಿ ಮೊಬೈಲ್ ಫೋಟೊ ರಸ್ತೆ ಬದಿಯ 20 ಅಡಿ ಫ್ಲೆಕ್ಸಿಗೆ ಒದಗುತ್ತದೆ ಅಂತಾಯಿತು. ಎಷ್ಟೋ ಜನ ಇದನ್ನು ನಂಬುವುದೇ ಇಲ್ಲ.

ಮತ್ತೆ ಫೋಟೊಗಳು ಯಾಕೆ ಒಡೆಯುತ್ತವೆ? ಹೆಚ್ಚಿನ ಸಲ ಎರಡೇ ಕಾರಣ. ಒಂದು ವಾಟ್ಸ್ಆ್ಯಪ್. ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. ಅದೇ 20 ಅಡಿಗೆ ಹಾಕಿದರೆ ಇಂಚಿಗೆ 7 ಕೂಡ ಸಿಗದು, 45 ಅಡಿ ದೂರ ಹೋದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಎರಡನೆಯದು ಗ್ರೂಪ್ ಫೋಟೊದಿಂದ ಒಂದು ಮುಖ ಕತ್ತರಿಸಿ ದೊಡ್ಡದು ಮಾಡುವುದು. ಗುಂಪಿನಲ್ಲಿ ಆ ಮುಖಕ್ಕೆ 200 ಪಿಕ್ಸೆಲ್ ಸಿಕ್ಕಿರುತ್ತದೆ ಅನ್ನಿ, ಅದನ್ನು 4 ಅಡಿ ಅಗಲ ಮಾಡಿದರೆ ಇಂಚಿಗೆ 4 ಮಾತ್ರ. ಫೋಟೊ ದೊಡ್ಡದೇ ಇದ್ದರೂ ನಿಮ್ಮ ಪಾಲಿಗೆ ಬಂದದ್ದು ಆ ಚೂರು. ಲೆಕ್ಕ ಹಾಕುವಾಗ ಕತ್ತರಿಸಿದ ಮೇಲೆ ಉಳಿದ ಪಿಕ್ಸೆಲ್‌ಗಳನ್ನೇ ಹಿಡಿಯಬೇಕು.

ತೀರಿಕೊಂಡ ಹಿರಿಯರ ಶ್ರದ್ಧಾಂಜಲಿ ಬ್ಯಾನರ್ ಮಾಡಿಸುವವರಿಗೆ ಇನ್ನೊಂದು ಮಾತು. ಮನೆಯಲ್ಲಿ ಉಳಿದಿರುವುದು ಒಂದೇ ಪಾಸ್‌ಪೋರ್ಟ್ ಸೈಜ್ ಫೋಟೊ ಎಂದು ಕೈಚೆಲ್ಲಬೇಡಿ. ಮೂರೂವರೆ ಸೆಂಟಿಮೀಟರ್ ಅಗಲದ ಆ ಫೋಟೊವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದರೆ ಸುಮಾರು 827 ಪಿಕ್ಸೆಲ್ ಅಗಲ ಸಿಗುತ್ತದೆ. ಬ್ಯಾನರಿನಲ್ಲಿ ಅದನ್ನು 2 ಅಡಿ ಅಗಲ ಹಾಕಿದರೂ ಇಂಚಿಗೆ 34 ಬರುತ್ತದೆ, 15 ಅಡಿಯಿಂದ ನೋಡುವವರಿಗೆ 20 ಸಾಕು. ಆದರೆ ಸ್ಕ್ಯಾನ್ ಮಾಡಿಸಲೇಬೇಕು. ಗಾಜಿನ ಚೌಕಟ್ಟಿನ ಮೇಲಿಂದ ಮೊಬೈಲಿನಲ್ಲಿ ತೆಗೆದರೆ ಲೈಟಿನ ಹೊಳಪು ಮುಖದ ಮೇಲೇ ಕೂರುತ್ತದೆ. ಹಾಗೆಯೇ, ಎಐ ಆ್ಯಪಿಗೆ ಹಾಕಿ ಚೂಪು ಮಾಡಿಸುವ ಆಸೆ ಬೇಡ. ಅದು ಇಲ್ಲದ ವಿವರವನ್ನು ತಾನೇ ಊಹಿಸಿ ಬರೆಯುತ್ತದೆ. ಕಣ್ಣು, ಹಲ್ಲು, ಕೆನ್ನೆಯ ಗೆರೆ ಬದಲಾಗಿ ಬೇರೆ ಯಾರದೋ ಮುಖ ಆಗಿಬಿಡಬಹುದು. ಸ್ವಲ್ಪ ಮಸುಕಾದರೂ ಅಜ್ಜಿಯ ಮುಖ ಅಜ್ಜಿಯದೇ ಆಗಿರಲಿ.

ಫೋಟೊಶಾಪಿನಲ್ಲಿ ಪಿಪಿಐ 72 ಇದ್ದ ಜಾಗದಲ್ಲಿ 300 ಎಂದು ತುಂಬಿದರೂ ವಿವರ ಹುಟ್ಟುವುದಿಲ್ಲ. ನೋಡಬೇಕಾದದ್ದು ಒಟ್ಟು ಪಿಕ್ಸೆಲ್.

ಮದುವೆ ವೇದಿಕೆಯ ಹಿಂದಿನ ಬ್ಯಾಕ್‌ಡ್ರಾಪ್ ಬೇರೆ ಥರ. ಕೂತವರಿಗೆ ಅದು ದೂರವೇ, ಆದರೆ ವಧೂವರರ ಜತೆ ನಿಲ್ಲುವವರು 6 ಅಡಿ ಹತ್ತಿರ ಬರುತ್ತಾರೆ, ಅಲ್ವಾ? ಅಲ್ಲಿಗೆ 50 ಪಿಪಿಐ ಬೇಕು. 20 × 10 ಅಡಿಗೆ ಅದು 12,000 × 6,000 ಪಿಕ್ಸೆಲ್, ಒಂದು ಮೊಬೈಲ್ ಫೋಟೊದಿಂದ ಆಗದ ಮಾತು. ಇಂಥ ಕಡೆ ಇಡೀ ಹಿನ್ನೆಲೆಗೆ ಫೋಟೊ ಹರಡಬೇಡಿ. ಹೂಬಳ್ಳಿ, ರಂಗೋಲಿ, ಹೆಸರುಗಳನ್ನು ವೆಕ್ಟರ್‌ನಲ್ಲಿ, ಅಂದರೆ ಪಿಕ್ಸೆಲ್ ಬದಲು ಗೆರೆಗಳ ಲೆಕ್ಕದಲ್ಲಿ ಮಾಡಿಸಿ, ಅದು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಜೋಡಿಯ ಫೋಟೊ 4 ಅಡಿ ಅಗಲ ಇದ್ದರೆ 2400 ಪಿಕ್ಸೆಲ್ ಸಾಕು.

ಅಕ್ಷರಗಳಿಗೂ ವೆಕ್ಟರೇ ಬೇಕು. ಫೋಟೊದ ಜತೆ ಜೆಪೆಗ್ ಮಾಡಿಬಿಟ್ಟರೆ ಅಂಚು ಮಸುಕಾಗುತ್ತದೆ. ವಿನ್ಯಾಸವನ್ನು ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಮಾಡಿದ್ದರೆ ಕಳಿಸುವ ಮೊದಲು ಅಕ್ಷರ ಆಯ್ದು ಕಂಟ್ರೋಲ್ ಮತ್ತು ಕ್ಯೂ ಒತ್ತಿ, ಕರ್ವ್ ಆಗುತ್ತದೆ, ಅಂದರೆ ಅಕ್ಷರ ಫಾಂಟ್ ಬೇಡದ ಬರೀ ಆಕಾರವಾಗುತ್ತದೆ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತವೆ. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಅದಕ್ಕೂ ಮುಂಚೆ ಇನ್ನೊಬ್ಬರಿಂದ ಓದಿಸಿ.

ವಿನ್ಯಾಸವನ್ನು ಹತ್ತನೇ ಒಂದರಷ್ಟು ಅಳತೆಯಲ್ಲಿ ಮಾಡುವುದು ಸುಲಭ. 20 ಅಡಿ ಅಂದರೆ 24 ಇಂಚು. ಆಗ ಪಿಪಿಐಯನ್ನು ಹತ್ತರಿಂದ ಗುಣಿಸಿ, 30 ಬೇಕಿದ್ದರೆ 300 ಇಡಿ. ಪ್ರಿಂಟ್ ಮಾಡುವವರಿಗೆ ಇದನ್ನು ಬರೆದೇ ತಿಳಿಸಿ. ಅವರ ಮೆಷಿನ್ ಹೇಳುವ 720 ಡಿಪಿಐ ಇಂಕ್ ಚುಕ್ಕೆಗಳ ಲೆಕ್ಕ, ಅದಕ್ಕೂ ನಿಮ್ಮ ಫೋಟೊದ ಪಿಕ್ಸೆಲ್‌ಗೂ ಗಂಟು ಹಾಕಬೇಡಿ.

ಕೊನೆಗೆ ಒಂದು ಪರೀಕ್ಷೆ ಮಾಡಿ, ಖರ್ಚು ಎ4 ಹಾಳೆಯ ಒಂದು ಪ್ರಿಂಟಿನದು. ಇಂಚಿಗೆ 17 ಬಂದಿದ್ದರೆ ಫೋಟೊದಲ್ಲಿ ಕಣ್ಣು ಇರುವ ಕಡೆ 136 × 187 ಪಿಕ್ಸೆಲ್ ತುಂಡು ಕತ್ತರಿಸಿ. ಅದನ್ನು 8 × 11 ಇಂಚು ತುಂಬುವಂತೆ ಪ್ರಿಂಟ್ ತೆಗೆಯಿರಿ. ಬ್ಯಾನರಿನಲ್ಲಿ ಆ ಭಾಗ ಬರುವುದು ಇದೇ ಗಾತ್ರದಲ್ಲಿ. ಗೋಡೆಗೆ ಅಂಟಿಸಿ, ಅಳೆದಿಟ್ಟ ದೂರಕ್ಕೆ ಹೋಗಿ ನೋಡಿ. ಒಪ್ಪಿಗೆಯಾದರೆ, ಹಗ್ಗ ಕಟ್ಟುವ ರಿಂಗ್ ಹೊಡೆಯಲು ನಾಲ್ಕೂ ಬದಿಗೆ ಎಷ್ಟು ಅಂಚು ಬಿಡಬೇಕು ಎಂದು ಅಂಗಡಿಯಲ್ಲಿ ಕೇಳಿಕೊಂಡು ಫೈಲ್ ಕೊಡಿ.