ಕೊಲೆಸ್ಟರಾಲ್ ಇಳಿಸಿದ ಲೆಕ್ಕ

ಬ್ಯಾಂಕಿನ ವಾರ್ಷಿಕ ತಪಾಸಣೆಯಲ್ಲಿ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 168, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 38, ರಕ್ತದೊತ್ತಡ 146/92 ಬಂತು. ಆಗ ನನಗೆ ಐವತ್ತೆರಡು. ತಂದೆಗೆ ಹೃದಯಾಘಾತವಾದದ್ದೂ ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಹಲವು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ ಆಗುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ.

ವೈದ್ಯರು ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಗಾಬರಿಯಿಲ್ಲ, ಆದರೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡೋಣ ಎಂದರು. ನಾನು ಸ್ವಲ್ಪ ಸಮಯ ಕೇಳಿದೆ. "ಆರು ತಿಂಗಳು ಕೊಡುತ್ತೇನೆ ರಾಯರೇ, ಆಮೇಲೆ ನನ್ನ ಜೊತೆ ವಾದ ಮಾಡಬಾರದು" ಎಂದು ನಕ್ಕರು. ಒಪ್ಪಿಕೊಂಡೆ.

ಹುಟ್ಟಾ ಲೆಕ್ಕದ ಮನುಷ್ಯ ನಾನು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕೆಲವು ವಾರ ಕಾಯುವುದು, ಅದೇ ಪ್ರಯೋಗಾಲಯದಲ್ಲಿ ರಕ್ತ ಕೊಡುವುದು ಎಂದು ನಿಶ್ಚಯಿಸಿದೆ.

ಮೊದಲ ಸರದಿ ಊಟದ್ದು. ಧಾರವಾಡದವನಾದ್ದರಿಂದ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಮೊದಲಿನಿಂದಲೂ ಇದ್ದವು. ತೊಂದರೆ ಇದ್ದದ್ದು ಊಟದ ಆಚೆಗೆ: ಸಂಜೆಯ ಮಿರ್ಚಿ, ಬೇಕರಿಯ ಖಾರಿ, ಕಚೇರಿಗೆ ಯಾರೋ ತಂದು ಹಂಚುವ ಪೇಢೆ, ದಿನಕ್ಕೆ ಐದಾರು ಕಪ್ ಸಕ್ಕರೆ ಹಾಕಿದ ಚಹಾ. ಬೇಕರಿ ತಿಂಡಿಗೆ ಸಾಮಾನ್ಯವಾಗಿ ಬಳಸುವುದು ತಾಳೆ ಎಣ್ಣೆ ಅಥವಾ ವನಸ್ಪತಿ. ತಾಳೆ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಎಲ್‌ಡಿಎಲ್ ಏರಿಸುವುದು ಅದೇ. ಮನೆಯಲ್ಲಿ ತುಪ್ಪವನ್ನು ಹಬ್ಬದ ದಿನಕ್ಕೆ ಸೀಮಿತಗೊಳಿಸಿದೆವು, ಒಗ್ಗರಣೆ ಶೇಂಗಾ ಎಣ್ಣೆಯಲ್ಲೇ ಉಳಿಯಿತು. ಸಂಜೆಗೆ ಒಂದು ಹಿಡಿ ಹುರಿದ ಶೇಂಗಾ. ಚಹಾದ ಸಕ್ಕರೆ ಬಿಡುವುದು ಮಿರ್ಚಿ ಬಿಡುವುದಕ್ಕಿಂತ ಕಷ್ಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕೆ ಸಿಕ್ಕ ಫಲವೂ ದೊಡ್ಡದು: ಟ್ರೈಗ್ಲಿಸರೈಡ್ 210ರಿಂದ 138ಕ್ಕೆ ಬಂತು. ಎಲ್‌ಡಿಎಲ್ ಮಾತ್ರ 152ಕ್ಕೆ ಇಳಿದು ನಿಂತಿತು.

ಎರಡನೆಯದು ಇಸಬಗೋಲು. ಗುಜರಾತಿನ ಉಂಝಾ ಮಾರುಕಟ್ಟೆಯಿಂದ ಜಗತ್ತಿಗೆಲ್ಲ ಹೋಗುವ ಈ ಹೊಟ್ಟನ್ನು ನಮ್ಮಲ್ಲಿ ಮಲಬದ್ಧತೆಯ ಔಷಧಿ ಎಂದೇ ಬಲ್ಲೆವು. ಅದರಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ ಸುಮಾರು 10 ಗ್ರಾಂ ಹೊಟ್ಟು ಬೇಕು. ಚಮಚದ ಅಳತೆ ನಂಬುವಂತಿಲ್ಲ, ಹೊಟ್ಟು ಅಷ್ಟು ಹಗುರ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ ನಮ್ಮ ಬಟ್ಟಲಿನಲ್ಲಿ ಗೆರೆ ಹಾಕಿಕೊಂಡೆ. ದೊಡ್ಡ ಲೋಟ ನೀರಿಗೆ ಹಾಕಿ, ಕಲಕಿ, ತಕ್ಷಣ ಕುಡಿಯಬೇಕು. ಫೋನ್ ಬಂತೆಂದು ಎದ್ದು ಹೋಗಿ ಬಂದರೆ ಲೋಟದಲ್ಲಿ ಲೋಳೆ ಗಟ್ಟಿಯಾಗಿ ಚಮಚ ನೆಟ್ಟಗೆ ನಿಂತಿರುತ್ತದೆ. ಮೇಲೆ ಇನ್ನೊಂದು ಲೋಟ ನೀರು ಕಡ್ಡಾಯ, ಇಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಮೊದಲ ವಾರ ಅರ್ಧ ಪ್ರಮಾಣವೇ ಸಾಕು, ಹೊಟ್ಟೆ ಉಬ್ಬರಿಸುತ್ತದೆ. ಬೇರೆ ಮಾತ್ರೆಗಳಿದ್ದರೆ ಅವಕ್ಕೂ ಇದಕ್ಕೂ ನಡುವೆ ಒಂದೆರಡು ಗಂಟೆ ಅಂತರವಿರಲಿ. ಮುಂದಿನ ಪರೀಕ್ಷೆಯಲ್ಲಿ ಎಲ್‌ಡಿಎಲ್ 139.

ಈ ನಡುವೆ ಅಮೆರಿಕದಿಂದ ಬಂದ ತಂಗಿಯ ಮಗ ಒಂದು ಚೀಲ ಡಬ್ಬಿಗಳನ್ನು ತಂದ. ಮೀನೆಣ್ಣೆ, ನಿಯಾಸಿನ್ (ವಿಟಮಿನ್ ಬಿ3), ವಿಟಮಿನ್ ಕೆ2, ಕೆಂಪು ಯೀಸ್ಟ್ ಅಕ್ಕಿ. ಪ್ರೀತಿಯಿಂದ ತಂದದ್ದು, ಬೇಡವೆನ್ನಲಾಗದು. ಆದರೆ ಡಬ್ಬಿಯ ಮುಂಭಾಗಕ್ಕಿಂತ ಹಿಂಭಾಗ ಓದುವ ಚಟ ನನ್ನದು. ಮೀನೆಣ್ಣೆಯ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಎಂದಿತ್ತು. ಹಿಂದೆ ನೋಡಿದರೆ ಇಪಿಎ 180, ಡಿಎಚ್‌ಎ 120, ಅಂದರೆ ಕೆಲಸಕ್ಕೆ ಬರುವ ಒಮೇಗಾ-3 ಕೇವಲ 300. ಅಮೆರಿಕದಲ್ಲಿ ಸುಮಾರು 26,000 ಜನರ ಮೇಲೆ ನಡೆದು 2018ರಲ್ಲಿ ಫಲಿತಾಂಶ ಬಂದ ವೈಟಲ್ ಅಧ್ಯಯನದಲ್ಲಿ ದಿನಕ್ಕೊಂದು ಗ್ರಾಂ ಮೀನೆಣ್ಣೆಯಿಂದ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳ ಒಟ್ಟು ಲೆಕ್ಕದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಅದೇ ವರ್ಷ ಇನ್ನೊಂದು ಅಧ್ಯಯನದಲ್ಲಿ ಫಲ ಕಂಡದ್ದು ನಿಜ, ಆದರೆ ಅದು ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ, ಸ್ಟ್ಯಾಟಿನ್ ಜೊತೆಗೆ, ವೈದ್ಯರ ಚೀಟಿಯ ಮೇಲೆ. ಜೊತೆಗೆ ಎದೆಬಡಿತ ಅಡ್ಡಾದಿಡ್ಡಿಯಾಗುವ ಪ್ರಕರಣಗಳೂ ಹೆಚ್ಚಿದ್ದವು.

ಕೆಂಪು ಯೀಸ್ಟ್ ಅಕ್ಕಿಯದು ಇನ್ನೂ ಸ್ವಾರಸ್ಯ. "ಮಾಮಾ, ಇದು ಔಷಧಿಯಲ್ಲ, ಅಕ್ಕಿ" ಎಂದು ಹುಡುಗ ಭರವಸೆ ಕೊಟ್ಟ. ಆ ಅಕ್ಕಿಯನ್ನು ಹುದುಗಿಸುವ ಮೊನಾಸ್ಕಸ್ ಬೂಷ್ಟಿನಿಂದ ಜಪಾನಿನ ಅಕಿರಾ ಎಂಡೊ 1979ರಲ್ಲಿ ಬೇರ್ಪಡಿಸಿದ ಮೊನಾಕೊಲಿನ್ ಕೆ ಎಂಬುದೂ ಲೊವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಔಷಧಿಯೂ ಒಂದೇ ವಸ್ತು. ಪ್ರಮಾಣ ಮಾತ್ರ ಡಬ್ಬಿಯಿಂದ ಡಬ್ಬಿಗೆ ಬೇರೆ. ಸ್ಟ್ಯಾಟಿನ್ ತೆಗೆದುಕೊಳ್ಳುವುದೇ ಆದರೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುವ ಮಾತ್ರೆಯನ್ನೇ ನುಂಗಬಾರದೇಕೆ? ನಿಯಾಸಿನ್ ಎಚ್‌ಡಿಎಲ್ ಏರಿಸುತ್ತದೆ, ಹೃದಯಾಘಾತ ತಪ್ಪಿಸುವುದಿಲ್ಲ ಎಂದು 2011 ಮತ್ತು 2014ರ ಎರಡು ದೊಡ್ಡ ಪ್ರಯೋಗಗಳು ತೋರಿಸಿವೆ. ಕೆ2 ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗಂತೂ ಸಲ್ಲದು. ಪಕ್ಕದ ಮನೆಯವರು ಕೊಟ್ಟ ಹೊಳೆಮತ್ತಿ (ಅರ್ಜುನ) ಮರದ ಚಕ್ಕೆಯ ಕಷಾಯವನ್ನೂ ಕುಡಿಯಲಿಲ್ಲ. ಅದರ ಮೇಲಿನ ಪ್ರಯೋಗಗಳು ತೀರ ಚಿಕ್ಕವು. ಅಗಸೆ ಚಟ್ನಿಪುಡಿಯನ್ನು ಮಾತ್ರ ಬಿಡಲಿಲ್ಲ. ಅದು ರೊಟ್ಟಿಗೆ ರುಚಿ ಎಂಬುದೇ ಮುಖ್ಯ ಕಾರಣ.

ರಕ್ತದೊತ್ತಡಕ್ಕೆ ಎರಡು ಕೆಲಸ ಮಾಡಿದೆ. ಒಂದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಮೂವರ ಮನೆಗೆ ಒಂದು ಕಿಲೋ ಪೊಟ್ಟಣ ಎರಡು ತಿಂಗಳು ದಾಟಬೇಕು. ಪೊಟ್ಟಣ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಟ್ಟೆವು. ತಿಂಗಳು ಕಳೆದು ಸ್ವಲ್ಪದರಲ್ಲೇ ತಳ ಕಂಡಿತು, ಉಪ್ಪಿನಕಾಯಿ, ಹಪ್ಪಳದ್ದು ಬೇರೆ. ಈಗ ಎರಡು ತಿಂಗಳ ಹತ್ತಿರ ಬರುತ್ತದೆ. ಜೋಳದ ರೊಟ್ಟಿಯ ಹಿಟ್ಟಿಗೆ ನಮ್ಮಲ್ಲಿ ಉಪ್ಪು ಹಾಕುವುದೇ ಇಲ್ಲ ಎಂಬುದು ಅನುಕೂಲವಾಯಿತು. ಪೊಟ್ಯಾಶಿಯಂ ಬೆರೆಸಿದ ಉಪ್ಪೂ ಸಿಗುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಎರಡನೆಯದು ವ್ಯಾಯಾಮ. ಗೆಳೆಯರ ಜೊತೆ ರಾಜಕೀಯ ಮಾತಾಡುತ್ತ ಕೆರೆ ಸುತ್ತುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಬೇಕು. ವಿಶ್ವವಿದ್ಯಾಲಯದ ಏರು ರಸ್ತೆ ಅದಕ್ಕೆ ಹೇಳಿ ಮಾಡಿಸಿದ್ದು. ವಾರಕ್ಕೆ 150 ನಿಮಿಷ ಅಲ್ಲೇ ತುಂಬುತ್ತದೆ. ಜೊತೆಗೆ ವಾರಕ್ಕೆ ಮೂರು ದಿನ ಗೋಡೆಗೆ ಬೆನ್ನು ಒತ್ತಿ, ಕುರ್ಚಿ ಇಲ್ಲದ ಕುರ್ಚಿಯಲ್ಲಿ ಕೂತಂತೆ ನಿಲ್ಲುತ್ತೇನೆ: ಎರಡು ನಿಮಿಷ, ಎರಡು ನಿಮಿಷ ವಿರಾಮ, ಹೀಗೆ ನಾಲ್ಕು ಸಲ. ತೊಡೆ ಗಡಗಡ ನಡುಗುತ್ತದೆ, ಉಸಿರು ಮಾತ್ರ ಹಿಡಿಯಬಾರದು. ರಕ್ತದೊತ್ತಡ ಇಳಿಸುವುದರಲ್ಲಿ ಇಂಥ ಅಲುಗಾಡದ ವ್ಯಾಯಾಮವೇ ಮುಂದು ಎಂದು 2023ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದವರು ಹೇಳಿದ್ದಾರೆ. ಈಗ ಬೆಳಿಗ್ಗೆ ಐದು ನಿಮಿಷ ಸುಮ್ಮನೆ ಕೂತು ನೋಡಿದರೆ 128/80ರ ಆಸುಪಾಸು.

ಆರು ತಿಂಗಳು ಮುಗಿದಾಗ ವೈದ್ಯರು ಲೈಪೊಪ್ರೋಟೀನ್ (ಎ) ಎಂಬ, ಎಲ್‌ಡಿಎಲ್ ಅನ್ನೇ ಹೋಲುವ ಕೊಬ್ಬಿನ ಕಣದ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಇದು ವಂಶವಾಹಿಯಿಂದ ಬರುವಂಥದು. ಊಟ, ನಡಿಗೆ ಯಾವುದಕ್ಕೂ ಬಗ್ಗುವುದಿಲ್ಲ, ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು. ಡೆಸಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು. ನನ್ನದು 74. ತಂದೆಯ ಕಥೆಗೂ ಇದೇ ಕಾರಣವಿದ್ದೀತು. ಅದನ್ನು ಇಳಿಸಲಾಗದಿದ್ದರೆ ಇಳಿಸಲು ಬರುವ ಎಲ್‌ಡಿಎಲ್ಲನ್ನು ಇನ್ನಷ್ಟು ಇಳಿಸಬೇಕು. ಕೊಟ್ಟ ಮಾತಿನಂತೆ ವಾದ ಮಾಡದೆ ರೋಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ 5 ಮಿಲಿಗ್ರಾಂ ಶುರು ಮಾಡಿದೆ. ಈಗ ಎಲ್‌ಡಿಎಲ್ 82, ಇಸಬಗೋಲು, ಏರು ರಸ್ತೆ ಎರಡೂ ಮುಂದುವರಿದಿವೆ.

ತಂಗಿಗೂ ಆ ಪರೀಕ್ಷೆ ಮಾಡಿಸಿದೆವು, ಅವಳದೂ ಹೆಚ್ಚೇ ಬಂತು. ಅಮೆರಿಕಕ್ಕೆ ಫೋನ್ ಮಾಡಿ ಹುಡುಗನಿಗೂ ಮಾಡಿಸಿಕೊಳ್ಳಲು ಹೇಳಿದ್ದೇನೆ.