ಎರೆ ಸೀಮೆಯಲ್ಲಿ ಹಳೆ ನೂರು ಸಿಸಿ ಗಾಡಿ: ಎಲ್ಲಿಂದ ಕೈ ಹಚ್ಚಬೇಕು

ಹಳೆ ಬೈಕ್ ಎಳೆಯುತ್ತಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದ ಕೂಡಲೇ ಎಲ್ಲರ ಸ್ಕ್ರೂ ಡ್ರೈವರ್ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಕಡೆಗೇ ಹೋಗುತ್ತದೆ. ನಿಜವಾಗಿ ಅದು ಕೊನೆಗೆ ಮುಟ್ಟಬೇಕಾದ ಭಾಗ. ವಿಜಯಪುರ, ಬಾಗಲಕೋಟೆ ಕಡೆ ಹಳೆ ಗಾಡಿಗಳನ್ನು ವಯಸ್ಸಿಗಿಂತ ಹೆಚ್ಚಾಗಿ ಕೊಲ್ಲುವುದು ಧೂಳು. ಬೇಸಿಗೆಯಲ್ಲಿ ಎರೆ ಹೊಲದ ದಾರಿ ಹಿಟ್ಟಾಗುತ್ತದೆ, ಅದೇ ಹಿಟ್ಟು ಎಂಜಿನ್ ಒಳಗೆ ಹೋಗಿ ಬೋರ್ (ಪಿಸ್ಟನ್ ಆಡುವ ಕೊಳವೆಯ ಒಳಮೈ) ತಿನ್ನುತ್ತದೆ. ಹಾಗಾಗಿ ಮೊದಲು ಏರ್ ಫಿಲ್ಟರ್, ಆಮೇಲೆ ಆಯಿಲ್, ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವಿನ ಸಂದು), ಪ್ಲಗ್ ನೋಡಬೇಕು. ಇಷ್ಟಾದರೂ ದೋಷ ಉಳಿದರೆ ಮಾತ್ರ ಕಾರ್ಬೋರೇಟರ್ ಬಿಚ್ಚಿ.

ಇಲ್ಲಿರುವ ಅಳತೆಗಳು ಹೀರೋ ಹೋಂಡಾದ 1985ರ ಸಿಡಿ 100 ಮತ್ತು 1994ರ ಸ್ಪ್ಲೆಂಡರ್ ಕುಲದ 97.2 ಸಿಸಿ ಕಾರ್ಬೋರೇಟರ್ ಗಾಡಿಗಳಿಗೆ. ಬೇರೆ ಗಾಡಿಯಾದರೆ ಕೆಲಸ ಇದೇ, ಅಂಕಿಗಳನ್ನು ಮಾತ್ರ ಅದರ ಪುಸ್ತಕದಿಂದ ತೆಗೆದುಕೊಳ್ಳಿ. ಸಾಮಾನು ಬಹಳ ಬೇಡ: 8ರಿಂದ 17ರ ತನಕ ರಿಂಗ್ ಪಾನಾ, ಪ್ಲಗ್ ಪಾನಾ, ಒಳ್ಳೆಯ ಸ್ಟಾರ್ ಸ್ಕ್ರೂ ಡ್ರೈವರ್, ಸಂದು ಅಳೆಯುವ ತೆಳು ಪಟ್ಟಿಗಳ ಒಂದು ಫೀಲರ್ ಗೇಜ್. ಫೀಲರ್ ಗೇಜ್‌ನಲ್ಲಿ 0.05 ಮಿ.ಮೀ. ಪಟ್ಟಿ ಇದೆಯೋ ಇಲ್ಲವೋ ನೋಡಿಯೇ ಕೊಳ್ಳಿ, ಅಗ್ಗದ ಸೆಟ್‌ಗಳಲ್ಲಿ ಅದೇ ಇರುವುದಿಲ್ಲ.

ಏರ್ ಫಿಲ್ಟರ್

ಹಳೆ ಗಾಡಿಗಳಲ್ಲಿ ಸ್ಪಂಜಿನ ಫಿಲ್ಟರ್ ಇರುತ್ತದೆ. ಅದನ್ನು ಪೆಟ್ರೋಲ್‌ನಲ್ಲಿ ತೊಳೆಯಬೇಡಿ. ಅಂಟು ಬಿಡುತ್ತದೆ, ಬೆಂಕಿಯ ಭಯ ಬೇರೆ. ಸೋಪಿನ ನೀರು ಸಾಕು. ಅರಿವೆ ಹಿಂಡಿದಂತೆ ತಿರುಚಿದರೆ ಸ್ಪಂಜು ಹರಿಯುತ್ತದೆ, ಎರಡೂ ಅಂಗೈ ನಡುವೆ ಒತ್ತಿ ನೀರು ತೆಗೆಯಿರಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಹೊಸ ಎಂಜಿನ್ ಆಯಿಲ್‌ನಲ್ಲಿ ನೆನೆಸಿ, ಹೆಚ್ಚಿನದನ್ನು ಒತ್ತಿ ತೆಗೆದು ಕೂಡಿಸಿ. ಧೂಳು ಹಿಡಿಯುವುದು ಆ ಆಯಿಲ್ಲೇ. ಒಣ ಸ್ಪಂಜು ಹಾಕಿದರೆ ಸಣ್ಣ ಧೂಳು ನೇರ ದಾಟುತ್ತದೆ. ಆಮೇಲಿನ ಮಾಡೆಲ್‌ಗಳಲ್ಲಿ ಬರುವ ಎಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸಬೇಕು.

ಫಿಲ್ಟರಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಫಿಲ್ಟರ್ ಡಬ್ಬಿಯಿಂದ ಕಾರ್ಬೋರೇಟರಿಗೆ ಬರುವ ರಬ್ಬರ್ ಕೊಳವೆಗೆ. ಹಳೆಯದಾದಂತೆ ಅದು ಗಟ್ಟಿಯಾಗಿ, ಕಾಣದ ಕಡೆ ಸೀಳುತ್ತದೆ. ಫಿಲ್ಟರ್ ಎಷ್ಟು ಹಸನಾಗಿದ್ದರೇನು, ಗಾಳಿ ಆ ಸೀಳಿನಿಂದಲೇ ಹೋಗುತ್ತದೆ. ಕೊಳವೆ ಬಿಚ್ಚಿ ಕಾರ್ಬೋರೇಟರ್ ಬಾಯಿಯ ಒಳಗೆ ಬೆರಳಾಡಿಸಿ. ಬೆರಳಿಗೆ ಉಸುಕಿನಂಥ ಪುಡಿ ಹತ್ತಿದರೆ ಧೂಳು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಅಂಟು, ಟೇಪು ಸುತ್ತುವುದು ಬೇಡ, ಕೊಳವೆಯನ್ನೇ ಬದಲಿಸಿ.

ಆಯಿಲ್

ಎಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ, ನಿಲ್ಲಿಸಿ, ಕೆಳಗಿನ 17ರ ಬೋಲ್ಟ್ ಬಿಚ್ಚಿ. ವಾಷರ್ ಹೊಸದು ಹಾಕಿ. ಬೋಲ್ಟ್ ಕೂಡುವುದು ಅಲ್ಯೂಮಿನಿಯಂನಲ್ಲಿ, ಪಾನಾಕ್ಕೆ ಪೈಪ್ ಸೇರಿಸಿ ಬಿಗಿದರೆ ಆಟೆ (ಥ್ರೆಡ್) ಹೋಗುತ್ತದೆ. ಹೊಸ ಆಯಿಲ್ ಸುಮಾರು ಮುಕ್ಕಾಲು ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ ನಿಲ್ಲಿಸಿ, ಗಾಡಿ ನೆಟ್ಟಗೆ ಸೆಂಟರ್ ಸ್ಟ್ಯಾಂಡ್ ಮೇಲಿರುವಾಗ ಕಡ್ಡಿಯಿಂದ ನೋಡಿ. ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಬರೀ ಇಳಿಸಿ ನೋಡಬೇಕು. ಮೇಲಿನ ಗೆರೆ ದಾಟಬಾರದು.

ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಎಂದಿರಲಿ, ಅದು ಬೈಕಿನ ಕ್ಲಚ್‌ಗೆ ಒಗ್ಗುವ ಆಯಿಲ್‌ನ ಗುರುತು. ಈ ಗಾಡಿಗಳಲ್ಲಿ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುವುದರಿಂದ ಕ್ಲಚ್ ಜಾರಬಹುದು. ಹೊಲದ ದಾರಿಯಲ್ಲಿ ದಿನಾ ಓಡುವ ಗಾಡಿಗೆ 2000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸುವುದು ಲೇಸು. ಇವಕ್ಕೆ ಬಿಚ್ಚಿ ಎಸೆಯುವ ಆಯಿಲ್ ಫಿಲ್ಟರ್ ಇಲ್ಲ. ಬಲಗಡೆ ಕ್ಲಚ್ ಕವರ್ ಒಳಗೆ ಒಂದು ಜಾಳಿಗೆ, ಕ್ಲಚ್ ಮುಂದೆ ತಿರುಗುವ ಬಟ್ಟಲು ಇವೆ. ಬಟ್ಟಲಿನ ಗೋಡೆಗೆ ಹೊಲಸು ಕೆಸರಿನಂತೆ ಅಂಟುತ್ತದೆ. ವರ್ಷಗಟ್ಟಲೆ ಯಾರೂ ಅದನ್ನು ತೆರೆದಿರುವುದಿಲ್ಲ. ಹಳೆ ಗಾಡಿ ಕೊಂಡವರು ಒಮ್ಮೆಯಾದರೂ ಕವರ್ ಬಿಚ್ಚಿ ಎರಡನ್ನೂ ಹಸನು ಮಾಡಿ. ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಂಡಿರಿ.

ಟ್ಯಾಪೆಟ್

ಟ್ಯಾಪೆಟ್ ನೋಡುವಾಗ ಎಂಜಿನ್ 35 ಡಿಗ್ರಿಗಿಂತ ತಣ್ಣಗಿರಬೇಕು. ವಿಜಯಪುರದ ಏಪ್ರಿಲ್‌ನಲ್ಲಿ ಮಧ್ಯಾಹ್ನದ ನೆರಳೂ ಅದಕ್ಕಿಂತ ಬಿಸಿ! ಹಾಗಾಗಿ ರಾತ್ರಿಯೆಲ್ಲ ನಿಂತ ಗಾಡಿಯನ್ನು ಮುಂಜಾನೆ, ಸ್ಟಾರ್ಟ್ ಮಾಡುವ ಮೊದಲೇ ಬಿಚ್ಚಿ.

ಪ್ಲಗ್ ತೆಗೆಯಿರಿ. ಹೆಡ್ ಮೇಲಿನ ಎರಡು ಟ್ಯಾಪೆಟ್ ಮುಚ್ಚಳ, ಎಡಗಡೆ ಮ್ಯಾಗ್ನೆಟ್ ಕವರಿನ ದೊಡ್ಡ ಮುಚ್ಚಳ, ಚಿಕ್ಕ ಮುಚ್ಚಳ ಎಲ್ಲವನ್ನೂ ಬಿಚ್ಚಿ. ದೊಡ್ಡ ತೂತಿನಿಂದ ಒಳಗಿನ ನಟ್‌ಗೆ ಸಾಕೆಟ್ ಹಾಕಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ನಿಧಾನ ತಿರುಗಿಸಿ. ಸಾಕೆಟ್ ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೂ ಆಗುತ್ತದೆ. ಚಿಕ್ಕ ತೂತಿನಲ್ಲಿ 'ಟಿ' ಗುರುತು ಕವರಿನ ಕಚ್ಚಿಗೆ ಸರಿಯಾಗಿ ಬಂದಾಗ ನಿಲ್ಲಿಸಿ, ಎರಡೂ ರಾಕರ್ ಕೈಯಿಂದ ಅಲ್ಲಾಡಿಸಿ. ಸ್ವಲ್ಪ ಆಡಿದರೆ ಸರಿ. ಒಂದಾದರೂ ಬಿಗಿ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ 'ಟಿ'ಗೆ ತನ್ನಿ.

ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ ಸಂದು 0.05 ಮಿ.ಮೀ. ಪಟ್ಟಿ ತೂರಿದಾಗ ಸ್ವಲ್ಪ ಹಿಡಿದು ಜಾರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಅದರೊಡನೆ ತಿರುಗಿ ಸಂದು ಬದಲಾಗುವುದು ಮಾಮೂಲು, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

'ಸೌಂಡ್ ಬರಬಾರದು' ಎಂದು ಟ್ಯಾಪೆಟ್ ಬಿಗಿ ಮಾಡಿಸಿಕೊಳ್ಳುವವರು ಬಹಳ. ಎಂಜಿನ್ ಕಾದಾಗ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಪೂರ್ತಿ ಮುಚ್ಚುವುದಿಲ್ಲ, ಉರಿಯುವ ಗಾಳಿ ಅದರ ಅಂಚನ್ನು ಸುಡುತ್ತದೆ. ಮುಂಜಾನೆ ಸ್ಟಾರ್ಟ್ ಆಗುವ ಗಾಡಿ ಬಿಸಿಯಾದ ಮೇಲೆ ಕಿಕ್ ಹಗುರಾಗಿ ಸ್ಟಾರ್ಟೇ ಆಗದಿದ್ದರೆ ಮೊದಲ ಗುಮಾನಿ ಇದರ ಮೇಲಿರಲಿ. ಸ್ವಲ್ಪ ಟಿಕ್ ಟಿಕ್ ಅನ್ನುವ ಟ್ಯಾಪೆಟ್‌ನಿಂದ ದೊಡ್ಡ ನಷ್ಟವಿಲ್ಲ.

ಪ್ಲಗ್, ಕರೆಂಟು

ತೆಗೆದ ಪ್ಲಗ್ ತಿಳಿ ಕಂದು ಇದ್ದರೆ ಮುಟ್ಟಬೇಡಿ. ಒಣ ಕರಿ ಮಸಿ ಇದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಚೋಕ್ ಪೂರ್ತಿ ಬಿಡುತ್ತಿಲ್ಲ. ಎಣ್ಣೆ ಹಸಿ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹಳೆ ಮಾದರಿಯ ಪ್ಲಗ್‌ಗೆ ಸಂದು 0.6ರಿಂದ 0.7 ಮಿ.ಮೀ. ಮೊದಲು ಬೆರಳಿಂದಲೇ ತಿರುಗಿಸಿ ಕೂಡಿಸಿ. ಹೊಸ ಪ್ಲಗ್ ತಳ ಮುಟ್ಟಿದ ಮೇಲೆ ಅರ್ಧ ಸುತ್ತು ಸಾಕು.

ಕಿಕ್ ಮಾತ್ರ ಇರುವ ಹಳೆ ಗಾಡಿಗಳು ಬ್ಯಾಟರಿ ಇಲ್ಲದೆಯೂ ಸ್ಟಾರ್ಟ್ ಆಗುತ್ತವೆ, ಕಿಡಿ ಹೊಡೆಸುವ ಸಿಡಿಐ ಪೆಟ್ಟಿಗೆಗೆ ಕರೆಂಟ್ ಬರುವುದು ಮ್ಯಾಗ್ನೆಟ್ ಕಾಯಿಲ್‌ನಿಂದ. ಆದ್ದರಿಂದ ಕಿಡಿ ಬರದಿದ್ದರೆ ಹೊಸ ಬ್ಯಾಟರಿ ಕೊಳ್ಳಬೇಡಿ. ಪ್ಲಗ್ ಕ್ಯಾಪ್ ತಿರುಗಿಸಿ ತೆಗೆದು, ವೈರಿನ ತುದಿ ಅರ್ಧ ಸೆಂ.ಮೀ. ಕತ್ತರಿಸಿ ಮತ್ತೆ ಕೂಡಿಸಿ ನೋಡಿ. ಆಗಲೂ ಇಲ್ಲವಾದರೆ ಕೀ ಸ್ವಿಚ್‌ನಿಂದ ಬರುವ ಕಪ್ಪು ಬಿಳಿ ಪಟ್ಟೆಯ ವೈರನ್ನು ಬಿಡಿಸಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ತಪ್ಪು ಸ್ವಿಚ್‌ನದು, ಸಿಡಿಐ ಚೆನ್ನಾಗಿಯೇ ಇದೆ. ಕಣಜದ ಪಕ್ಕ ನಿಲ್ಲಿಸಿದ ಗಾಡಿಯಾದರೆ ಇಲಿ ಕಡಿದ ವೈರನ್ನೂ ಹುಡುಕಿ.

ಕೊನೆಗೆ ಕಾರ್ಬೋರೇಟರ್

ನಮ್ಮ ಕಡೆಯ ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರ ತನಕ ಇದೆ. ಅದು ನೀರು ಹೀರುತ್ತದೆ, ಹಳೆ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ದೋಷ ಬಹಳ ಸಲ ಕಾರ್ಬೋರೇಟರ್ ಕೆಳಗಿನ ಬಟ್ಟಲಿನಲ್ಲಿ ಕೂತ ನೀರು, ಅಷ್ಟೇ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಡ್ರೇನ್ ಸ್ಕ್ರೂ ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿಯಿರಿ. ತಳದಲ್ಲಿ ನೀರಿನ ಹನಿ ಕಂಡರೆ ಟ್ಯಾಂಕ್ ಕೂಡ ಖಾಲಿ ಮಾಡಿ. ಬೀಡಿ, ಸಿಗರೇಟು ದೂರವಿರಲಿ.

ಬಿಚ್ಚಲೇಬೇಕಾದರೆ, ಬದಿಯ ಐಡ್ಲಿಂಗ್ ಮಿಶ್ರಣದ ಸ್ಕ್ರೂ ತೆಗೆಯುವ ಮೊದಲು ಅದನ್ನು ಹಗುರಾಗಿ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದುಕೊಳ್ಳಿ. ಕೂಡಿಸುವಾಗ ಅಷ್ಟೇ ಸುತ್ತು ಹೊರಗೆ. ಪೆಟ್ರೋಲ್ ಅಳೆದು ಬಿಡುವ ಜೆಟ್‌ನ ಸಣ್ಣ ತೂತಿಗೆ ಗುಂಡುಪಿನ್ನು, ಕಬ್ಬಿಣದ ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಮೈಲೇಜ್ ಹೋಯಿತೆಂದೇ ಲೆಕ್ಕ. ಪಂಪಿನ ಗಾಳಿ, ಕಾರ್ಬೋರೇಟರ್ ಸ್ಪ್ರೇ, ಇಲ್ಲವೇ ಮೀನು ಗಾಳದ ನೈಲಾನ್ ದಾರ ಸಾಕು. ಪೆಟ್ರೋಲ್ ಉಕ್ಕುತ್ತಿದ್ದರೆ ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದ ಗುರುತು ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಬದಲಿಸಿ. ಎಂಜಿನ್ ಕಾದ ಮೇಲೆ ಐಡ್ಲಿಂಗ್ ನಿಮಿಷಕ್ಕೆ ಸುಮಾರು 1400 ಸುತ್ತಿಗೆ ನಿಲ್ಲಿಸಿ.

ಚೈನು, ಬ್ರೇಕು, ರಾಡಿ

ಮಳೆಗಾಲದಲ್ಲಿ ಎರೆ ರಾಡಿ ಮಡ್‌ಗಾರ್ಡ್ ಒಳಗೆ ಮೆತ್ತಿ ಗಾಲಿಯನ್ನೇ ಹಿಡಿಯುತ್ತದೆ, ಒಣಗಿದರೆ ಕಲ್ಲು. ಅವತ್ತೇ ಬಕೆಟ್ ನೀರಿನಿಂದ ನೆನೆಸಿ ತೆಗೆಯಿರಿ. ಪ್ರೆಷರ್ ಪಂಪಿನ ನೀರನ್ನು ಹಬ್‌ಗೆ, ಫಿಲ್ಟರ್ ಡಬ್ಬಿಗೆ ಬಿಡಬೇಡಿ. ಚೈನ್ ಕವರ್ ಒಳಗೂ ರಾಡಿ ಕೂತಿರುತ್ತದೆ. ಕವರ್ ಬಿಚ್ಚಿ, ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ಬ್ರಷ್ ಮಾಡಿ, ಒರೆಸಿ, 90 ನಂಬರ್ ಗೇರ್ ಆಯಿಲ್ ಹಚ್ಚಿ. ಕೆಳಗಿನ ಚೈನಿನ ನಡುವೆ 20ರಿಂದ 25 ಮಿ.ಮೀ. ಆಟ ಇರಲಿ, ಗಾಲಿ ತಿರುಗಿಸುತ್ತ ಅತಿ ಬಿಗಿ ಇರುವ ಕಡೆ ಅಳೆಯಿರಿ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಬ್ರೇಕ್ ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಬೇಡಿ, ಹಸಿ ಅರಿವೆಯಿಂದ ಒರೆಸಿ.

ನೀಲಿ ಹೊಗೆ ಬಂದರೆ

ಮುಂಜಾನೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಎಕ್ಸಲೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್, ಬೋರ್ ಸವೆದಿವೆ. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ಪ್ಲಗ್ ಕೂಡಿಸಿ ಕಿಕ್ ತುಳಿಯಿರಿ. ಕಿಕ್ ಮೊದಲಿಗಿಂತ ಗಟ್ಟಿಯಾದರೆ ಅದೇ ಸಾಕ್ಷಿ. ಇದು ಮನೆಯ ಕೆಲಸವಲ್ಲ, ಬೋರಿಂಗ್ ಮಶೀನ್ ಬೇಕು. ಬೆಳಗಾವಿಯವರಿಗೆ ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತು, ಬೋರಿಂಗ್ ಬಲ್ಲವರಿಗೆ ಬರವಿಲ್ಲ. ಹೆಡ್, ಬ್ಲಾಕ್ ಬಿಚ್ಚಿ ಒಯ್ದರೆ ಮಜೂರಿ ಉಳಿಯುತ್ತದೆ. ಮೂಲ ಬೋರ್ 50 ಮಿ.ಮೀ., ಮುಂದಿನ ಪಿಸ್ಟನ್‌ಗಳು 0.25ರ ಅಂತರದಲ್ಲಿ ಬರುತ್ತವೆ. ಪಿಸ್ಟನ್ ಮೊದಲು ಕೊಂಡು ಅದರ ಅಳತೆಗೇ ಬೋರ್ ಹೊಡೆಸಿ, ಉಲ್ಟಾ ಅಲ್ಲ. ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ಬಿಳಿ ಅರಿವೆಗೆ ಕರಿ ಹತ್ತದ ತನಕ ತಿಕ್ಕಿ, ಒಣಗಿದ ಕೂಡಲೇ ಆಯಿಲ್ ಸವರಿ. ಮೊದಲ 500 ಕಿ.ಮೀ. 50ರ ವೇಗ ದಾಟದೆ ಓಡಿಸಿ, ಆಮೇಲೆ ಆಯಿಲ್ ಬದಲಿಸಿ, ಟ್ಯಾಪೆಟ್ ಮತ್ತೆ ಅಳೆಯಿರಿ.