ಎಸ್‌ಪಿಎಸ್‌ಎಸ್ ಮೆನುಗೆ ಕೈ ಹಾಕುವ ಮೊದಲು

ಚಿಕ್ಕಮಗಳೂರು ಕಡೆ ಕಾಫಿ ಬೆಳೆಗಾರರ ಸರ್ವೆ ಮಾಡಿ ಪ್ರಾಜೆಕ್ಟ್ ಬರೆಯುವವರಿಗೆ ಇದು. ಸರ್ವೆಯ ಉತ್ತರಗಳನ್ನು ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್. ಅದಕ್ಕೆ ದುಡ್ಡು ಹೊಂದಿಸೋಕೆ ಆಗದಿದ್ದರೆ ಪಿಎಸ್‌ಪಿಪಿ ಹಾಕಿಕೊಳ್ಳಿ. ಅದು ಉಚಿತ, ಮೆನುಗಳೂ ಹೆಚ್ಚುಕಡಿಮೆ ಅದೇ ಥರ.

ಗೈಡ್‌ಗಳಲ್ಲಿ 'ಅನಲೈಸ್ > ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್ > ಫ್ರೀಕ್ವೆನ್ಸೀಸ್' ಅಂತ ಬರೆದಿರುತ್ತಾರೆ. ಹೆದರಬೇಡಿ, ಅದು ಒಂದಾದ ಮೇಲೊಂದು ಒತ್ತುವ ಕ್ರಮ, ಅಷ್ಟೇ. ಕೊನೆಯದನ್ನು ಒತ್ತಿದಾಗ ತೆರೆಯುವುದೇ ಡೈಲಾಗ್ ಬಾಕ್ಸ್. ಎಡಗಡೆ ಇರುವ ವೇರಿಯಬಲ್‌ಗಳಲ್ಲಿ (ಅಂದರೆ ನಿಮ್ಮ ಸರ್ವೆಯ ಪ್ರಶ್ನೆಗಳಲ್ಲಿ) ಬೇಕಾದ್ದನ್ನು ಬಾಣದ ಬಟನ್ ಒತ್ತಿ ಬಲಕ್ಕೆ ಕಳಿಸಿ. ಓಕೆ ಬಟನ್ ಮಸುಕಾಗಿದ್ದರೆ ನೀವಿನ್ನೂ ಏನನ್ನೂ ಕಳಿಸಿಲ್ಲ ಅಂತ ಅರ್ಥ.

ನಿಜವಾದ ಕೆಲಸ ಇರೋದು ಡೇಟಾ ಕಿಟಕಿಯ ಕೆಳಗಿರುವ ವೇರಿಯಬಲ್ ವ್ಯೂ ಅನ್ನೋ ಟ್ಯಾಬ್‌ನಲ್ಲಿ. ಜನ ಅದನ್ನೇ ಹಾರಿಸಿಬಿಡುತ್ತಾರೆ. ಉತ್ತರಗಳನ್ನು ತುಂಬುವ ಡೇಟಾ ವ್ಯೂನಲ್ಲಿ ಒಂದು ಸಾಲು ಅಂದರೆ ಒಬ್ಬ ಬೆಳೆಗಾರ, ಅದಕ್ಕೆ ಕೇಸ್ ಅನ್ನುತ್ತಾರೆ. ಒಂದು ಕಾಲಂ ಅಂದರೆ ಒಂದು ಪ್ರಶ್ನೆ. ವೇರಿಯಬಲ್ ವ್ಯೂನಲ್ಲಿ ಆ ಪ್ರಶ್ನೆಗಳೇ ಸಾಲುಗಳಾಗುತ್ತವೆ. ನೇಮ್‌ನಲ್ಲಿ ಸ್ಪೇಸ್ ಬಿಡುವ ಹಾಗಿಲ್ಲ, ಅಂಕಿಯಿಂದ ಶುರು ಮಾಡುವ ಹಾಗೂ ಇಲ್ಲ. ಪೂರ್ತಿ ಪ್ರಶ್ನೆ ಬರೆಯೋಕೆ ಲೇಬಲ್ ಇದೆ. ಅರೇಬಿಕಾಗೆ 1, ರೊಬಸ್ಟಾಗೆ 2 ಅಂತ ಕೊಟ್ಟಿದ್ದರೆ ಅದನ್ನು ವ್ಯಾಲ್ಯೂಸ್‌ನಲ್ಲಿ ಬರೆದು, ಮೆಷರ್‌ನಲ್ಲಿ ನಾಮಿನಲ್ (ಅಂಕಿ ಬರೀ ಹೆಸರಿನ ಬದಲಿಗೆ ಅಂತ ಅರ್ಥ) ಆರಿಸಿ. ಇಲ್ಲಾಂದ್ರೆ ಮುಂದೆ ಯಾರೋ ತಳಿಯ ಸರಾಸರಿ 1.4 ಅಂತ ರಿಪೋರ್ಟ್‌ನಲ್ಲಿ ಹಾಕುತ್ತಾರೆ! ಕಡಿಮೆ, ಸಾಧಾರಣ, ಜಾಸ್ತಿ ಅನ್ನೋ ಥರದ, ಏರುವ ಕ್ರಮ ಇರುವ ಉತ್ತರಗಳು ಆರ್ಡಿನಲ್. ಎಕರೆ, ಮಳೆಯ ಇಂಚು ಇವೆಲ್ಲ ಸ್ಕೇಲ್.

ಮಿಸ್ಸಿಂಗ್ ಕಾಲಂ ಮರೆಯಲೇಬೇಡಿ. ಉತ್ತರ ಸಿಗದ ಕಡೆ ಹಾಕಿದ ಅಂಕಿಯನ್ನು ಲೆಕ್ಕಕ್ಕೆ ಸೇರಿಸಬೇಡ ಅಂತ ಹೇಳೋದು ಅಲ್ಲೇ. ಮೂರು ತೋಟದವರು ವರ್ಷದ ಮಳೆ 80, 90, 100 ಇಂಚು ಅಂದರು, ನಾಲ್ಕನೆಯವರು ಅಳೆದಿಲ್ಲ ಅಂದಿದ್ದಕ್ಕೆ ನೀವು 999 ಹಾಕಿದಿರಿ ಅನ್ನಿ. ಮಿಸ್ಸಿಂಗ್‌ನಲ್ಲಿ 999 ಅಂತ ಹೇಳಿದ್ದರೆ ಸರಾಸರಿ 90, ಹೇಳದಿದ್ದರೆ 317.25. ಸಾಫ್ಟ್‌ವೇರ್ ತಕರಾರಿಲ್ಲದೆ ಆ ಲೆಕ್ಕವನ್ನೂ ಕೊಡುತ್ತದೆ, ಆಗುಂಬೆಯವರು ಬೇಕಾದರೆ ನಂಬಬಹುದು.

ಇನ್ನು ಓಕೆ ಪಕ್ಕದಲ್ಲಿರುವ ಪೇಸ್ಟ್. ನನ್ನ ಕೇಳಿದರೆ ಸದಾ ಅದನ್ನೇ ಒತ್ತಿ. ನೀವು ಮೆನುವಿನಲ್ಲಿ ಆರಿಸಿದ್ದೆಲ್ಲ ಸಿಂಟ್ಯಾಕ್ಸ್ ಕಿಟಕಿಯಲ್ಲಿ ಬರಹವಾಗಿ ಬರುತ್ತದೆ, ಅಲ್ಲಿಂದ ರನ್ ಮಾಡಿದರಾಯ್ತು. ಗೈಡ್ ಮೇಷ್ಟ್ರು ಇನ್ನೂ ಹತ್ತು ಸರ್ವೆ ಫಾರ್ಮ್ ಸೇರಿಸಿಕೊಂಡು ಬಾ ಅಂದರೆ ಮತ್ತೆ ಮೊದಲಿಂದ ಮೆನು ಹುಡುಕುವ ಗೋಳಿಲ್ಲ.

ಸೇವ್ ಮಾಡುವಾಗ ನೋಡಿಕೊಳ್ಳಿ: ಡೇಟಾ, ಸಿಂಟ್ಯಾಕ್ಸ್, ಔಟ್‌ಪುಟ್ ಮೂರೂ ಬೇರೆ ಬೇರೆ ಫೈಲ್. ಒಂದನ್ನು ಸೇವ್ ಮಾಡಿದರೆ ಉಳಿದೆರಡು ತಾವಾಗೇ ಸೇವ್ ಆಗಲ್ಲ.